ಮುನ್ನೂರ ನಲವತ್ತು ಮೀಟರ್

ದಕ್ಷಿಣದ ಬಿಸಿಗಾಳಿ ಎದ್ದ ದಿನ ಬೆಟ್ಟಗಳು ಹತ್ತಿರ ಬಂದು ನಿಲ್ಲುತ್ತವೆ. ನಿನ್ನೆ ಸಂಜೆಯವರೆಗೆ ಮಬ್ಬಿನೊಳಗೆ ತಮ್ಮ ಪಾಡಿಗೆ ತಾವಿದ್ದ ಮೂಡಣ ದಿಕ್ಕಿನ ಬಂಡೆಗಳು ಇವತ್ತು ಬೆಳಿಗ್ಗೆ ಗೋಮಾಳದ ಕೊಟ್ಟಿಗೆಯ ಬೇಲಿಗೆ ಒರಗಿಕೊಂಡ ಹಾಗೆ ಕಾಣುತ್ತಿದ್ದವು. ಒಂದೊಂದು ಬಿರುಕೂ, ಬಿರುಕಿನೊಳಗಿನ ಒಂದೊಂದು ಪೊದೆಯೂ ಎಣಿಸಬಹುದಾದಷ್ಟು ಸ್ಪಷ್ಟ. ಅವುಗಳ ನೆತ್ತಿಯ ಮೇಲೆ ಪಕ್ಕದ ದೇಶ ಶುರುವಾಗುತ್ತದೆ. ಇದು ಗಾಳಿಯ ಆಟ, ದೂರ ಇದ್ದಷ್ಟೇ ಇದೆ ಎಂದು ಆಲ್ಬಾನ್ ನಿಗ್‌ಗೆ ಗೊತ್ತು. ಇಪ್ಪತ್ತಾರು ವರ್ಷದಿಂದ ಅವನು ಇದೇ ನೆಲವನ್ನು ಅಳೆದು ನಕ್ಷೆ ಬರೆಯುವ ಕೆಲಸದಲ್ಲಿದ್ದಾನೆ. ಆದರೂ ಗಾಳಿ ಬೀಸುವ ದಿನ ಅವನಿಗೆ ತಾನು ಅಳೆದದ್ದೆಲ್ಲ ಸುಳ್ಳು ಅನ್ನಿಸುತ್ತದೆ. ಮೊದಲೇ ಚಿಕ್ಕ ದೇಶ. ಈ ತುದಿಯಲ್ಲಿ ಬಸ್ಸು ಹತ್ತಿ ಪತ್ರಿಕೆ ಬಿಡಿಸಿದರೆ ಕ್ರೀಡಾಪುಟ ತಲುಪುವಷ್ಟರಲ್ಲಿ ಆ ತುದಿ ಬಂದಿರುತ್ತದೆ. ಸಮುದ್ರ ನೋಡಬೇಕಾದರೆ ಯಾವ ದಿಕ್ಕಿಗೆ ಹೋದರೂ ಎರಡು ದೇಶ ದಾಟಬೇಕು. ಅಂಥದ್ದು ಇವತ್ತು ಇನ್ನೂ ಕುಗ್ಗಿ, ಎರಡು ಗೋಡೆಗಳ ನಡುವಿನ ಓಣಿಯಾಗಿ, ಅವನ ಕಪಾಲದ ಎರಡು ಪಕ್ಕಗಳನ್ನು ಒತ್ತುತ್ತಿತ್ತು.

"ತಲೆನೋವಾ?" ಎಂದು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತ ಹೆಂಡತಿ ಒಟೀಲಿ ಕೇಳಿದ್ದಳು. ಅವನು ಬಾಯಿ ತೆರೆಯುವ ಮೊದಲೇ, "ಗಾಳಿ ಕಣ್ರೀ, ಗಾಳಿ. ನಂಗೂ ಹಿಡ್ಕೊಂಡಿದೆ," ಎಂದು ಮುಗಿಸಿದ್ದಳು. ಈ ಊರಿನಲ್ಲಿ ಹಾಗೇ. ಗಂಡಹೆಂಡಿರ ಜಗಳ, ಉಕ್ಕಿದ ಹಾಲು, ನಿದ್ದೆಗೆಟ್ಟ ಕಣ್ಣು, ಎಲ್ಲಕ್ಕೂ ಗಾಳಿಯೇ ಕಾರಣ. ಎರಡು ತಿಂಗಳಿಂದ ಅವನ ನಿದ್ದೆ ಕೆಟ್ಟಿತ್ತು. ಎರಡು ತಿಂಗಳೂ ಗಾಳಿ ಬೀಸಿರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೇಲಿಯೊಳಗೆ ದನಗಾಹಿ ಲುಯಿಸ್ ಸಿಲ್ವಾಳ ಕೊಂಬಿನ ನಡುವೆ ಫರ್ ಮರದ ಹಸಿರು ಕೊಂಬೆಗಳನ್ನೂ ಕಾಗದದ ಹೂಗಳನ್ನೂ ಕಟ್ಟುತ್ತಿದ್ದ. ಸಿಲ್ವಾ ಆಲ್ಬಾನನ ಹಸು. ಈ ಬೇಸಿಗೆ ಗೋಮಾಳದ ನಲವತ್ತೊಂದು ಹಸುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲು ಕೊಟ್ಟವಳು. ಹಾಗೆ ಗೆದ್ದ ಹಸುವಿನ ಹಣೆಗೆ ಮರದಲ್ಲಿ ಕೆತ್ತಿದ ಕೆಂಪು ಹೃದಯ ಕಟ್ಟಿ, ಅವಳನ್ನು ಮುಂದೆ ಬಿಟ್ಟು, ಹಿಂಡನ್ನು ಊರಿಗೆ ಇಳಿಸುತ್ತಾರೆ. ಆಮೇಲೆ ಆ ಹೃದಯವನ್ನು ಯಜಮಾನನ ಮನೆಯ ಮುಂಗೋಡೆಗೆ ಹೊಡೆಯುತ್ತಾರೆ. ಅದು ಅಲ್ಲೇ ಇರುತ್ತದೆ, ಬಣ್ಣ ಮಾಸಿ ಕಂದಾಗುವವರೆಗೆ, ಮನೆ ಕೆಡವುವವರೆಗೆ. ಆದರೆ ಆ ಬೇಸಿಗೆ ಗೋಮಾಳದ ಮೇಲೆ ಒಂದೇ ಒಂದು ದನ ಅಪಘಾತದಲ್ಲಿ ಸತ್ತಿದ್ದರೂ ಹೂವಿಲ್ಲ, ಹೃದಯವಿಲ್ಲ. ಇಡೀ ಹಿಂಡು ಬೋಳಾಗಿ ಇಳಿಯಬೇಕು. ದಾರಿಯ ಎರಡು ಬದಿಗೆ ನಿಂತ ಜನ ಟೋಪಿ ತೆಗೆದು ಸುಮ್ಮನೆ ನೋಡುತ್ತಾರೆ. ಸತ್ತಿತೋ ಇಲ್ಲವೋ ಎಂದು ತೀರ್ಮಾನ ಹೇಳುವವನು ಗೋಮಾಳದ ಯಜಮಾನ. ಮೂರು ವರ್ಷದಿಂದ ಆ ಯಜಮಾನಿಕೆ ಆಲ್ಬಾನನದು.

"ಹೃದಯ ಕಟ್ಟಲಾ, ಯಜಮಾನ್ರೇ?" ಎಂದು ಲುಯಿಸ್ ಕೇಳಿದ. ಬೆಟ್ಟಗಳ ದಕ್ಷಿಣದಾಚೆಯ ಟಿರೋಲ್‌ನಿಂದ ಬೇಸಿಗೆ ದುಡಿಮೆಗೆ ಬಂದವನು. ಅವನ 'ಯಜಮಾನ್ರೇ' ಯಾವಾಗಲೂ ಒಂದು ಗುಲಗಂಜಿ ಜಾಸ್ತಿ ತೂಗುತ್ತಿತ್ತು.

"ಹೊತ್ತಾಯ್ತಾ?"

"ಹೊತ್ತು ಆಗಿದೆ. ನಿಮ್ಮ ಮಾತು ಆಗ್ಬೇಕಷ್ಟೆ."

"ಮಾತು ಏನಿದೆ. ನಿನಗೆ ಗೊತ್ತಿಲ್ವಾ?"

"ನಂಗೇನು ಗೊತ್ತು, ದನ ಕಾಯೋನಿಗೆ," ಎಂದು ಲುಯಿಸ್ ಸಿಲ್ವಾಳ ಕಿವಿಯ ಹಿಂದೆ ಕೆರೆದ. "ಸತ್ತ ದನ ಕಾಯೋದು ನನ್ನ ಕೆಲಸ ಅಲ್ಲ."

ಆಲ್ಬಾನ್ ತಲೆಯಾಡಿಸಿದ. ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡು ಲುಯಿಸ್ ಪಟ್ಟಿ ಬಿಗಿದ. ಹೃದಯದ ಕೆಂಪು ಹಸಿಯಾಗಿದ್ದಂತೆ ಹೊಳೆಯಿತು. ಒಂದು ಮಾತೂ ಆಡದೆ ತಾನು ತೀರ್ಪು ಕೊಟ್ಟಾಯಿತು ಎಂದು ಅವನಿಗೆ ಹೊಳೆದದ್ದು ಆಮೇಲೆ, ಹಿಂಡು ಹೊರಟು ಗಂಟೆಗಳ ಸದ್ದು ಕಣಿವೆ ತುಂಬಿದ ಮೇಲೆ.

ಗೋಮಾಳದ ಬೇಲಿಯಲ್ಲಿ ಏಳನೆಯ ತುಂಡು ಅವನ ಪಾಲಿನದು. ಜೂನ್ ಮೊದಲ ವಾರ ಊರ ಬಿಟ್ಟಿಕೆಲಸದ ದಿನ, ಗೋಮಾಳದ ಪ್ರತಿ ಪಾಲುದಾರನೂ ಗುದ್ದಲಿ ಸುತ್ತಿಗೆ ಹಿಡಿದು ಬರಬೇಕು, ಕಲ್ಲು ಆರಿಸಬೇಕು, ಚಳಿಗಾಲದ ಹಿಮ ಮಲಗಿಸಿದ ಗೂಟಗಳನ್ನು ಎಬ್ಬಿಸಿ ನೆಡಬೇಕು. ಯಜಮಾನನಾದವನು ಎಲ್ಲರಿಗಿಂತ ಕಷ್ಟದ ತುಂಡು ತೆಗೆದುಕೊಳ್ಳುವುದು ಮರ್ಯಾದೆ. ಈ ವರ್ಷ ಕಮರಿಯ ಅಂಚಿನ ಏಳನೆಯದನ್ನು ಅವನು ತೆಗೆದುಕೊಂಡ. ಕೊನೆಯ ಗೂಟದ ಅಡಿಯಲ್ಲಿ ಬಂಡೆ ಸಿಕ್ಕಿತು. ಒಂದು ಗೇಣು ಪಕ್ಕಕ್ಕೆ ಹೊಸ ಗುಂಡಿ ತೋಡಬೇಕಿತ್ತು. ಕೆಳಗೆ ಊಟಕ್ಕೆ ಕರೆಯುತ್ತಿದ್ದರು, ಗಿಣ್ಣು ಹಾಕಿ ಬೇಯಿಸಿದ ಹಿಟ್ಟಿನ ಗುಂಡುಗಳ ವಾಸನೆ ಬರುತ್ತಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕಚೇರಿಯ ಕೈ ಅದು. ಗೂಟವನ್ನು ಬಂಡೆಯ ಮೇಲೇ ನಿಲ್ಲಿಸಿ, ಸುತ್ತ ಕಲ್ಲು ತುರುಕಿ, ಅಲ್ಲಾಡಿಸಿ ನೋಡಿದ. ನಿಂತಿತು. ಊಟಕ್ಕೆ ಇಳಿದ. ಎಲ್ಲರೂ ಅವನ ಬೊಬ್ಬೆ ನೋಡಿ ನಕ್ಕರು. ಅವನೂ ನಕ್ಕ.

ಜುಲೈನಲ್ಲಿ ಆ ಗೂಟ ಮಲಗಿತು. ಕ್ರೆಶೆನ್ಸ್ ದೊಡ್ಡಮ್ಮನ ಕಡಸು ಫ್ರೀಡಾ ಕಮರಿಗೆ ಜಾರಿತು. ಕ್ರೆಶೆನ್ಸ್ ಪಕ್ಕದ ಮನೆಯವಳು, ಎಪ್ಪತ್ತು ದಾಟಿದ ವಿಧವೆ, ಅವಳಿಗಿದ್ದದ್ದು ಆ ಒಂದು ಕಡಸು. ಲುಯಿಸ್ ಫೋನ್ ಮಾಡಿದಾಗ ಆಲ್ಬಾನ್ ಕಚೇರಿಯಲ್ಲಿ ಯಾರದೋ ದ್ರಾಕ್ಷಿ ತೋಟದ ಗಡಿಗೆರೆ ಎಳೆಯುತ್ತಿದ್ದ. ಮುಕ್ಕಾಲು ಗಂಟೆಯಲ್ಲಿ ಮೇಲಿದ್ದ. ಈ ದೇಶದಲ್ಲಿ ಯಾವುದಕ್ಕೂ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕಿಲ್ಲ. ಹಗ್ಗ ಹಾಕಿ ಎಳೆದರು. ಬೆನ್ನು ಮುರಿದಿತ್ತು, ಉಸಿರಿತ್ತು. ಉಸಿರಿರುವಾಗಲೇ ಕೆಳಗೆ ವೈದ್ಯರ ಹತ್ತಿರ ಮುಟ್ಟಿಸೋಣ ಎಂದ. ಆಗ ಅವನ ಮನಸ್ಸಿನಲ್ಲಿ ಇದ್ದದ್ದು ಕಡಸು ಮಾತ್ರ. ಇಷ್ಟು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಬೆಟ್ಟದ ಏಣನ್ನು ಎರಡು ಸುರಂಗಗಳು ಕೊರೆದಿವೆ, ಮೇಲೆ ದನಗಳ ಹಳೆಯ ಸುರಂಗ, ಕೆಳಗೆ ವಾಹನಗಳ ಹೊಸದು. ಸುರಂಗದ ಈ ಬಾಯಿವರೆಗೆ ಗೋಮಾಳ, ಹೊಕ್ಕರೆ ಊರು. ಅಜ್ಜನ ಕಾಲದಿಂದ ಅದೇ ಗಡಿ. ಗಡಿ ದಾಟಿ ಸತ್ತ ದನ ಗೋಮಾಳದ ಸಾವಲ್ಲ. ಜೀಪಿನ ಹಿಂದೆ ಕಟ್ಟಿದ ಗಾಡಿಯಲ್ಲಿ ಕಡಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಲುಯಿಸ್ ಹಲಗೆ ಬಡಿದ. ಆಲ್ಬಾನ್ ಜೀಪು ನಿಲ್ಲಿಸಿ ಇಳಿದು ಬಂದ. ಸುರಂಗದ ಕಪ್ಪು ಬಾಯಿ ಅಲ್ಲೇ ಮುಂದೆ ಕಾಣುತ್ತಿತ್ತು.

"ಹೋಯ್ತು, ಯಜಮಾನ್ರೇ."

"ಸರಿ ನೋಡು."

"ಸರಿ ನೋಡಿದೆ. ಕಣ್ಣಿನ ಮೇಲೆ ನೊಣ ಕೂತಿದೆ."

ಅವನು ಮತ್ತೆ ಜೀಪು ಹತ್ತಿದ. ಸುರಂಗ ಹೊಕ್ಕ. ಆಗಲೂ ಅವನು ಸುಳ್ಳು ಹೇಳಿರಲಿಲ್ಲ. ವೈದ್ಯರು ಹೊತ್ತು ಕೇಳಲಿಲ್ಲ, ಜಾಗ ಕೇಳಲಿಲ್ಲ, ಕಾಗದಕ್ಕೆ ಸಹಿ ಹಾಕಿದರು. ಕ್ರೆಶೆನ್ಸ್ ಅಂಗಳದಲ್ಲಿ ನಿಂತು, ಏಪ್ರನ್ನಿನಲ್ಲಿ ಕೈ ಒರೆಸುತ್ತ, ಎಲ್ಲಿ ಹೋಯ್ತು ಮಗಾ, ಆ ಕಲ್ಲುಗಳ ಮಧ್ಯೆನಾ ಎಂದು ಕೇಳಿದಾಗ ಮಾತ್ರ ಅವನ ಬಾಯಿ ತಾನಾಗಿ ಹೇಳಿತು: "ಇಲ್ಲ ದೊಡ್ಡಮ್ಮ. ಸುರಂಗ ದಾಟಿದ ಮೇಲೆ. ಊರು ಕಾಣ್ತಿತ್ತು." ಅವಳು ಅವನ ಎರಡೂ ಕೈ ಹಿಡಿದುಕೊಂಡು ಅತ್ತಳು. "ಊರು ನೋಡಿ ಹೋಯ್ತಲ್ಲ, ಅಷ್ಟಾದ್ರೂ ಆಯ್ತಲ್ಲ. ನೀನಾಗಿದ್ದಕ್ಕೆ ಓಡಿಸ್ಕೊಂಡು ಬಂದೆ ಕಣಪ್ಪಾ. ಬೇರೆಯವರಾಗಿದ್ರೆ ಅಲ್ಲೇ ಬಿಡ್ತಿದ್ರು." ಅದೇ ವಾರ ಹಾಲು ತೂಗಿದಾಗ ಸಿಲ್ವಾ ಎಲ್ಲರನ್ನೂ ಹಿಂದೆ ಹಾಕಿದ್ದಳು. ಯಾವುದು ಮೊದಲು ತನ್ನ ಮನಸ್ಸಿಗೆ ಬಂದಿತ್ತು, ಮುದುಕಿಯ ಕಣ್ಣೀರೋ ಹೃದಯವೋ? ಅಂಗಳದಲ್ಲಿ ಬಾಯಿ ತೆರೆದ ಆ ಒಂದು ಗಳಿಗೆಯನ್ನು ಅವನು ಎಷ್ಟು ಸಲ ಬಿಡಿಸಿ ನೋಡಿದರೂ ಒಳಗೆ ಏನೂ ಸಿಗುತ್ತಿರಲಿಲ್ಲ, ತೋಡಿದಲ್ಲೆಲ್ಲ ಬಂಡೆ.

ಮುಂದಿನ ಭಾನುವಾರ ಪೂಜೆ ಮುಗಿಸಿ, ವಾಕಿಂಗ್ ಎಂದು ಹೇಳಿ, ಕಚೇರಿಯ ಅಳತೆಗಾಲಿ ತೆಗೆದುಕೊಂಡು ಆ ಜಾಗಕ್ಕೆ ಹೋದ. ಜೀಪು ನಿಂತಲ್ಲಿ ಎಣ್ಣೆಯ ಒಂದು ಹನಿ ಬಿದ್ದು ಕಪ್ಪಾಗಿತ್ತು. ಅಲ್ಲಿಂದ ಸುರಂಗದ ಬಾಯಿಯ ಮೊದಲ ಕಲ್ಲಿನವರೆಗೆ ಗಾಲಿ ಉರುಳಿಸಿಕೊಂಡು ನಡೆದ. ಎದುರು ಬಂದ ದಂಪತಿಗಳು, ಗುರುತಿನವರೇ, ಗುರುತಿಲ್ಲದವರು ಯಾರಿದ್ದಾರೆ, "ಭಾನುವಾರನೂ ಬಿಡಲ್ವೇನೋ ಸರ್ಕಾರ?" ಎಂದು ನಕ್ಕು ಹೋದರು. ಮುನ್ನೂರ ನಲವತ್ತು ಮೀಟರ್. ಮರಳಿ ಬರುವಾಗ ಇನ್ನೊಮ್ಮೆ ಅಳೆದ. ಅಷ್ಟೇ ಬಂತು.

ಈಗ ಹಿಂಡು ಏಣಿನ ಕಡೆಗೆ ಏರುತ್ತಿತ್ತು. ಮುಂದೆ ಸಿಲ್ವಾ, ಪಕ್ಕದಲ್ಲಿ ಕಸೂತಿಯ ಬಿಳಿ ಅಂಗಿ ತೊಟ್ಟ ಆಲ್ಬಾನ್, ಹಿಂದೆ ನಲವತ್ತು ಹಸು, ಕಟ್ಟಕಡೆಗೆ ಕೋಲು ಹಿಡಿದು ಲುಯಿಸ್. ಕೆಳಗೆ ಬಲಕ್ಕೆ ಡಾಂಬರು ರಸ್ತೆ ಕಾಣುತ್ತಿತ್ತು. ಗಾಳಿಯ ದೆಸೆಯಿಂದ ಆ ಎಣ್ಣೆಯ ಕಲೆಯೂ ಕಂಡಿತು, ಅಥವಾ ಕಂಡಂತಾಯಿತು. ಅವನು ಆ ಕಡೆ ನೋಡಬಾರದು ಎಂದುಕೊಂಡ. ಆಗ ಮನಸ್ಸಿನ ಕಣ್ಣಿಗೆ ಬಂದದ್ದು ಮನೆಯ ಮುಂಗೋಡೆಯ ಮೊಳೆ.

ಆ ಮೊಳೆಯನ್ನು ಅಪ್ಪ ಹೊಡೆದದ್ದು ಐವತ್ತಾರು ವರ್ಷದ ಹಿಂದೆ, ಆಲ್ಬಾನ್ ಹುಟ್ಟುವ ಮೊದಲು. ಆ ವರ್ಷ ಅಪ್ಪನ ಹಸು ಗೆದ್ದಿತ್ತು. ಹೃದಯ ಬರುವ ಮೊದಲೇ ಮೊಳೆ ಹೊಡೆದು ಅಪ್ಪ ಗೋಮಾಳಕ್ಕೆ ಹತ್ತಿದ್ದ. ಇಳಿಯುವ ಹಿಂದಿನ ದಿನ, ಮೂಲೆಯ ಹಳ್ಳದಲ್ಲಿ, ಯಾರೂ ಕಾಣದ ಕಡೆ, ಬೇರೊಬ್ಬರ ಕರು ಸತ್ತು ಬಿದ್ದದ್ದನ್ನು ಕಂಡವನು ಅಪ್ಪನೊಬ್ಬನೇ. ಬಂದು ಹೇಳಿದ. ಹಿಂಡು ಬೋಳಾಗಿ ಇಳಿಯಿತು. ಊರೆಲ್ಲ ಒಂದು ವಾರ ಎಂಗೆಲ್ಬರ್ಟ್ ನಿಗ್ ಅಂದ್ರೆ ಏನು ಅಂದ್ಕೊಂಡ್ರಿ ಎಂದು ಹೊಗಳಿತು, ಆಮೇಲೆ ಮರೆಯಿತು. ಮೊಳೆ ಉಳಿಯಿತು. ಎಡಮನೆಗೆ ಮೂರು ಹೃದಯ, ಬಲಮನೆಗೆ, ಕ್ರೆಶೆನ್ಸಳ ಗಂಡನ ಕಾಲದವು, ಎರಡು. ನಡುವೆ ಇವರ ಮೊಳೆ. ಐದಾರು ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಯುವಾಗ ಅಪ್ಪ ಮೊಳೆಯ ಸುತ್ತ ಕುಂಚವನ್ನು ಹುಷಾರಾಗಿ ಆಡಿಸುತ್ತಿದ್ದ, ಕಣ್ಣಿನ ಸುತ್ತ ಮುಖ ತೊಳೆಯುವ ಹಾಗೆ. ಬೇಕರಿಯ ಕಾಸ್ಪರ್ ಹಾದುಹೋಗುವಾಗೆಲ್ಲ, "ಎಂಗೆಲ್ಬರ್ಟ್ ಮಾಮ, ಅದಕ್ಕೆ ಟೋಪಿ ಆದ್ರೂ ನೇತು ಹಾಕಿ" ಎನ್ನುತ್ತಿದ್ದ. ಅಪ್ಪ ನಗುತ್ತಿದ್ದ. ಕಿತ್ತುಬಿಡು ಅಪ್ಪಾ ಎಂದು ಆಲ್ಬಾನ್ ಹದಿನಾರರಲ್ಲಿ ಒಮ್ಮೆ ಹೇಳಿದ್ದಕ್ಕೆ ಮೂರು ದಿನ ಅಪ್ಪ ಮಾತಾಡಲಿಲ್ಲ. ಈಗ ಅಪ್ಪನಿಗೆ ಎಂಬತ್ತನಾಲ್ಕು. ಬೆಳಿಗ್ಗೆ ಆಲ್ಬಾನ್ ಹೊರಟಾಗಲೇ ಕೋಟು ತೊಟ್ಟು, ಮೆಕ್ಕೆಜೋಳದ ಹಿಟ್ಟು ಹುರಿದು ಮಾಡಿದ ರೀಬೆಲನ್ನು ಹಾಲುಕಾಫಿಯಲ್ಲಿ ಅರ್ಧಂಬರ್ಧ ತಿಂದು, ಮನೆಮುಂದಿನ ಬೆಂಚಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಸುತ್ತಿಗೆ ಇತ್ತು. ಮೊಳೆ ಇರುವಾಗ ಸುತ್ತಿಗೆ ಯಾಕೆ ಎಂದು ಒಟೀಲಿ ಕೇಳಿದ್ದಳು. ಇರಲಿ ಎಂದಿದ್ದ.

ಹಳೆಯ ಸುರಂಗ ನೂರು ಹೆಜ್ಜೆಯೂ ಇಲ್ಲ. ನಡುವೆ ಹತ್ತಿಪ್ಪತ್ತು ಹೆಜ್ಜೆ ಕತ್ತಲೆ. ಅಲ್ಲಿ ಮಾಡಬೇಕು ಎಂದು ಅವನಿಗೆ ಹೊಳೆದದ್ದು ಬಾಯಿಯ ಹತ್ತಿರ ಬಂದಾಗ. ಕತ್ತಲೆಯಲ್ಲಿ ಪಟ್ಟಿ ಸಡಿಲಿಸಿ ಹೃದಯ ತೆಗೆದುಬಿಡಬೇಕು. ಏನೂ ಹೇಳಬೇಕಾಗಿಲ್ಲ. ಬೆಳಕಿಗೆ ಬರುವಾಗ ಸಿಲ್ವಾಳ ಹಣೆ ಬೋಳಾಗಿದ್ದರೆ ಅದೇ ಹೇಳುತ್ತದೆ. ಬೆಳಿಗ್ಗೆ ತಲೆಯಾಡಿಸಿ ಕೊಟ್ಟ ತೀರ್ಪನ್ನು ಹೀಗೆ ಕೈಯಾಡಿಸಿ ಹಿಂದೆ ತೆಗೆದುಕೊಳ್ಳಬಹುದು. ಒಳಗೆ ಹೋದ ಕೂಡಲೇ ಗಂಟೆಗಳ ಸದ್ದು ಕಲ್ಲಿಗೆ ಬಡಿದು ಹತ್ತು ಪಟ್ಟಾಯಿತು. ಅವನು ಸಿಲ್ವಾಳ ಕುತ್ತಿಗೆಗೆ ತೋಳು ಹಾಕಿ ನಿಲ್ಲಿಸಿದ. ಬೆರಳಿಗೆ ಹಿತ್ತಾಳೆಯ ಕೊಕ್ಕೆ ಸಿಕ್ಕಿತು. ಲುಯಿಸ್ ಬಿಗಿಯಾಗಿ ಕಟ್ಟಿದ್ದ. ಚರ್ಮ ಬಿಸಿಯಾಗಿತ್ತು, ಅವಳ ಉಸಿರು ಅವನ ಮಣಿಕಟ್ಟಿಗೆ ತಾಗುತ್ತಿತ್ತು. ಕೊಕ್ಕೆ ಅರ್ಧ ಬಂತು. ಹಿಂದಿನ ಹಸು ನಿಲ್ಲಲಿಲ್ಲ. ಅದಕ್ಕೆ ಬೆಳಕು ಕಂಡಿತ್ತು, ಕೆಳಗಿನ ಹುಲ್ಲಿನ ವಾಸನೆ ಬಂದಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮೂವತ್ತೆಂಟು. ಸಿಲ್ವಾ ಮುಂದಕ್ಕೆ ಜೋಲಿ ಹೊಡೆದಳು, ಅವನ ಭುಜ ಗೋಡೆಗೆ ಉಜ್ಜಿತು, ಬಿಳಿ ಅಂಗಿ ಎಲ್ಲೋ ಹರಿದ ಸದ್ದಾಯಿತು. "ಏನಾಯ್ತು ಯಜಮಾನ್ರೇ? ಸುರಂಗದಲ್ಲಿ ನಿಲ್ಬಾರ್ದು!" ಎಂದು ಎಲ್ಲೋ ಹಿಂದಿನಿಂದ ಲುಯಿಸ್ ಕೂಗಿದ. ಬಿಸಿ ಮೈಗಳ ಒಂದು ದೊಡ್ಡ ಒತ್ತಡ ಅವನನ್ನು ಎತ್ತಿಕೊಂಡು ಹೋದಂತೆ ನೂಕಿ ಬೆಳಕಿಗೆ ಎಸೆಯಿತು.

ಬೆಳಕಿನಲ್ಲಿ ಇಡೀ ದೇಶವಿತ್ತು. ಕೆಳಗೆ ನದಿ ಸ್ಕೇಲು ಇಟ್ಟು ಎಳೆದ ಗೆರೆಯಂತೆ, ಅದರ ಈಚೆಗೆ ಊರುಗಳು, ಅರಮನೆಯ ಬಂಡೆ, ದ್ರಾಕ್ಷಿ ಸಾಲು, ಕಚೇರಿ, ಚರ್ಚು, ಸ್ಮಶಾನ. ಆಚೆಗೆ ಪರದೇಶದ ಬೆಟ್ಟಗಳು ಗಾಳಿಯಲ್ಲಿ ನದಿಯನ್ನೇ ದಾಟಿ ಬಂದಿದ್ದವು. ಅವನು ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು, ಮುಂದೆ ಹೂಳಿಸಿಕೊಳ್ಳುವುದು, ಎಲ್ಲ ಒಂದೇ ನೋಟದಲ್ಲಿ. ಬಚ್ಚಿಡಲು ಜಾಗವಿಲ್ಲದ ದೇಶ ಎಂದು ಅವನು ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದುಂಟು. ಚಪ್ಪಾಳೆ ಶುರುವಾಗಿತ್ತು. ಊರಿನ ಅರ್ಧ ಜನ ಸುರಂಗದ ಬಾಯಿಗೇ ಹತ್ತಿ ಬಂದಿದ್ದರು. ಸಿಲ್ವಾಳ ಹಣೆಯಲ್ಲಿ ಹೃದಯ ಒಂದು ಬದಿಗೆ ಜಾರಿ ನೇತಾಡುತ್ತಿತ್ತು. ಕಾಸ್ಪರ್ ಮುಂದೆ ಬಂದು ತಾನೇ ಕೊಕ್ಕೆ ಬಿಗಿದ.

"ನೋಡ್ರಪ್ಪಾ, ಐವತ್ತಾರು ವರ್ಷ ಆದ್ಮೇಲೆ ಸಿಕ್ಕಿದ್ದನ್ನ ಕಟ್ಟೋಕೂ ಬರಲ್ಲ ಇವರಿಗೆ! ಏನೋ ಆಲ್ಬಾನ್, ಮುಖ ಯಾಕೆ ಹಾಗಿದೆ? ಯಾರಾದ್ರೂ ಸತ್ರಾ?"

"ಹೌದು," ಎಂದ ಆಲ್ಬಾನ್.

ಸುತ್ತ ನಿಂತವರು ಗೊಳ್ಳೆಂದು ನಕ್ಕರು. "ಗಾಳಿ ಹೊಡೆದಿದೆ ಬಿಡು," ಎಂದು ಯಾರೋ ಅಂದರು. ಯಾರೋ ಕೈಗೆ ಸೇಬಿನ ರಸದ ಲೋಟ ಕೊಟ್ಟರು. ಅವನು ಕುಡಿದ.

ಮನೆಯ ಮುಂದೆ ಬಂದಾಗ ಏಣಿ ಗೋಡೆಗೆ ಒರಗಿ ನಿಂತಿತ್ತು. ಜನ ಇನ್ನೂ ಹಿಂಡಿನ ಜೊತೆ ರಸ್ತೆಯಲ್ಲಿದ್ದರು. ಬೆಂಚಿನ ಮೇಲೆ ಅಪ್ಪ ಒಬ್ಬನೇ. ಆಲ್ಬಾನ್ ಸಿಲ್ವಾಳ ಹಣೆಯಿಂದ ಹೃದಯ ಬಿಚ್ಚಿ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಅಪ್ಪಾ, ಒಂದು ಮಾತು."

"ಅಂಗಿ ಹರ್ಕೊಂಡಿದೀಯ."

"ದೊಡ್ಡಮ್ಮನ ಕಡಸು ಸತ್ತಿದ್ದು ಸುರಂಗದ ಈ ಕಡೆ ಅಲ್ಲ. ಆ ಕಡೆ. ಗೋಮಾಳದಲ್ಲೇ. ಗೂಟ ನನ್ನದು, ಬಂಡೆ ಮೇಲೆ ನಿಲ್ಲಿಸಿದ್ದೆ."

ಅಪ್ಪ ಅವನ ಮುಖ ನೋಡಲಿಲ್ಲ. ಹೃದಯದ ಮೇಲೆ ಬಿಳಿಯಲ್ಲಿ ಬರೆದ ವರ್ಷವನ್ನು ನೋಡುತ್ತಿದ್ದ. ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಎಷ್ಟು ದೂರ?"

"ಮುನ್ನೂರ ನಲವತ್ತು ಮೀಟರ್."

"ಅಳೆದ್ಯಾ?"

"ಹೂಂ. ಎರಡು ಸಲ."

"ಯಾಕೆ ಅಳೆದೆ?"

ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು, ದೂರದಿಂದ ಹೊತ್ತು ತಂದದ್ದನ್ನು ಇನ್ನೇನು ಇಳಿಸಬೇಕು ಅನ್ನುವಾಗ ಇನ್ನೂ ಸ್ವಲ್ಪ ಮುಂದೆ ಎಂದು ಯಾರೋ ಅಂದಂತೆ. ಅಳೆಯದಿದ್ದರೆ ಕಡಸು ಸತ್ತ ಜಾಗ ಸುರಂಗದ ಹತ್ತಿರ ಎಲ್ಲೋ ಆಗಿರುತ್ತಿತ್ತು. ಹೆಚ್ಚುಕಡಿಮೆ ಸುರಂಗದಲ್ಲೇ. ಆ ಅಂದಾಜಿನೊಳಗೆ ಒಬ್ಬ ಮನುಷ್ಯ ಬದುಕಿಕೊಳ್ಳಬಹುದಿತ್ತು.

"ಇನ್ನೂ ಹಾಕಿಲ್ವಾ?" ಕ್ರೆಶೆನ್ಸ್ ಬೇಲಿ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಪ್ಲಮ್ ಹಣ್ಣಿನ ಕೇಕು. ಅವಳ ಹಿಂದೆ ಕಾಸ್ಪರ್, ಒಟೀಲಿ, ಬೀದಿಯ ಜನ. "ನಾನೇ ಏಣಿ ಹಿಡೀತೀನಿ ಅಂತ ಬಂದೆ. ನನ್ನ ಕಡಸಿಗೋಸ್ಕರ ಆವತ್ತು ಓಡಿದ ಮಗ ಇವನು. ಯಾಕಪ್ಪಾ, ಹೀಗೆ ನಿಂತಿದೀಯ?"

ಆಲ್ಬಾನ್ ಅವಳ ಕಡೆ ತಿರುಗಿದ. ಬಾಯಿ ತೆರೆದ. ಆಗ ಅಪ್ಪ ಬೆಂಚಿನಿಂದ ಎದ್ದು ನಿಂತ. ಬೀದಿಗೆಲ್ಲ ಕೇಳುವಂತೆ, ನಗುತ್ತ, ಹೇಳಿದ: "ಏಣಿ ಅಂದ್ರೆ ಭಯ ಇವನಿಗೆ, ಕ್ರೆಶೆನ್ಸ್. ಚಿಕ್ಕಂದಿನಿಂದಲೂ."

ಎಲ್ಲರೂ ನಕ್ಕರು. ಅವನಿಗೆ ಏಣಿಯ ಭಯ ಎಂದೂ ಇರಲಿಲ್ಲ. ಅಪ್ಪ ಸುಳ್ಳು ಹೇಳಿದ್ದನ್ನು ಅವನು ಕೇಳಿದ್ದು ಅದೇ ಮೊದಲು. ಅಪ್ಪನ ಕೈ ಸುತ್ತಿಗೆಯ ಹಿಡಿಯನ್ನು ಬಿಗಿಹಿಡಿದಿತ್ತು. ಕ್ರೆಶೆನ್ಸ್ ಕೇಕನ್ನು ಬೆಂಚಿನ ಮೇಲಿಟ್ಟು, ಎರಡೂ ಕೈಯಿಂದ ಏಣಿ ಹಿಡಿದು, "ಹತ್ತು ಮಗಾ, ನಾನಿದೀನಿ" ಎಂದಳು.

ಅವನು ಹತ್ತಿದ. ಒಂಬತ್ತು ಮೆಟ್ಟಿಲು. ಮೊಳೆಯ ಸುತ್ತ ಸುಣ್ಣದ ಮೇಲೆ ಸುಣ್ಣ ಕೂತು ಒಂದು ಪುಟ್ಟ ಗುಂಡಿಯಾಗಿತ್ತು. ಮೊಳೆ ಮಾತ್ರ ನಿನ್ನೆ ಹೊಡೆದಷ್ಟು ಗಟ್ಟಿ. ಅಪ್ಪ ಬಂಡೆಯ ಮೇಲೆ ನಿಲ್ಲಿಸಿದವನಲ್ಲ. ಹೃದಯ ಸಿಕ್ಕಿಸಿದ. ಕೆಳಗೆ ಚಪ್ಪಾಳೆ ಎದ್ದಿತು. ತಿರುಗಿ ಅವರಿಗೆ ಮುಖ ತೋರಿಸಬೇಕಿತ್ತು. ಅವನು ತಿರುಗಲಿಲ್ಲ. ಹಣೆಯನ್ನು ಕೆಂಪು ಮರಕ್ಕೆ ತಾಗಿಸಿ ನಿಂತ. ಹೊಸ ಬಣ್ಣದ ವಾಸನೆಯ ಕೆಳಗೆ ಸಿಲ್ವಾಳ ಬೆವರಿನ ವಾಸನೆ ಇನ್ನೂ ಇತ್ತು. ಏಣಿಯ ಬುಡದಲ್ಲಿ ಮುದುಕಿಯ ಕೈಗಳು. ಇಳಿದರೆ ಅವಕ್ಕೇ ಇಳಿಯಬೇಕು.

"ಸ್ವಲ್ಪ ಎಡಕ್ಕೆ ವಾಲಿದೆ," ಎಂದ ಅಪ್ಪ ಕೆಳಗಿನಿಂದ.

ಆಲ್ಬಾನ್ ಎರಡು ಕೈಯಲ್ಲೂ ಹಿಡಿದು ಸರಿಮಾಡಿದ.

"ಈಗ ಬಲಕ್ಕೆ."

ಅವನು ಮತ್ತೆ ಸರಿಮಾಡಿದ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, ಇನ್ನೊಂದು ಕೂದಲೆಳೆ ಎಂದ. ಜನ ಕಾಯುತ್ತಿದ್ದರು. ಅವನು ಸರಿಮಾಡುತ್ತಲೇ ಇದ್ದ.